ಎನ್‌ಜಿಓ ದರ್ಪಣ್ ನೋಡಿ ದೇಣಿಗೆ ಕೊಡಬಹುದಾ? ಮೈಸೂರಿನಿಂದ ಒಂದು ವಿಮರ್ಶೆ

ಕೇಂದ್ರ ಸರ್ಕಾರದ ನೀತಿ ಆಯೋಗ ನಡೆಸುವ, ಸ್ವಯಂಸೇವಾ ಸಂಸ್ಥೆಗಳ ಪಟ್ಟಿ ಇರುವ ಎನ್‌ಜಿಓ ದರ್ಪಣ್ ವೆಬ್‌ಸೈಟಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ದೇಣಿಗೆ ಕೊಡುವ ಮೊದಲು ಸಂಸ್ಥೆಯ ಬಗ್ಗೆ ನಾಲ್ಕು ವಿಷಯ ತಿಳಿದುಕೊಳ್ಳಬೇಕು ಅನ್ನುವವರಿಗೆ ಇದು ಒಳ್ಳೆಯ ಜಾಗ. ದುಡ್ಡು ಕೊಡಬೇಕಾಗಿಲ್ಲ. ಆದರೆ ಇದನ್ನು ನೋಡಿ ಕರ್ನಾಟಕದಲ್ಲಿರುವ ಸಂಸ್ಥೆಗಳೆಲ್ಲ ಇಷ್ಟೇ ಅಂದುಕೊಳ್ಳುವುದೂ ತಪ್ಪು, ಇಲ್ಲಿ ಹೆಸರಿದೆ ಅಂದಮೇಲೆ ಸಂಸ್ಥೆ ಸಾಚಾನೇ ಇರಬೇಕು ಅಂದುಕೊಳ್ಳುವುದೂ ತಪ್ಪು. ಈ ಎರಡು ಮಾತು ನಮ್ಮ ಕಡೆ ತುಂಬಾ ಕೇಳುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕುವೆಂಪುನಗರದ ನಮ್ಮ ಬೀದಿಯವರು ಗಣೇಶನ ಹಬ್ಬದ ಚಂದಾದಲ್ಲಿ ಉಳಿದ ದುಡ್ಡನ್ನು ಯಾವುದಾದರೂ ಸಂಸ್ಥೆಗೆ ಕೊಡುತ್ತೇವೆ. ಒಬ್ಬರು ವೃದ್ಧಾಶ್ರಮ ಅನ್ನುತ್ತಾರೆ, ಇನ್ನೊಬ್ಬರು ಗೋಶಾಲೆ, ಮತ್ತೊಬ್ಬರಿಗೆ ಎಚ್.ಡಿ. ಕೋಟೆ ಕಡೆ ಹಾಡಿ (ಆದಿವಾಸಿಗಳ ಊರು) ಮಕ್ಕಳ ಓದಿಗೆ ಕೊಡಬೇಕು ಅಂತ ಆಸೆ. ಯಾವ ಸಂಸ್ಥೆ ಏನು ಮಾಡುತ್ತೆ ಅಂತ ಹುಡುಕುವ ಕೆಲಸ ನನ್ನದು.

ದರ್ಪಣ್‌ನಲ್ಲಿ ರಾಜ್ಯ ಆರಿಸಿ ಹುಡುಕಬಹುದು, ಕೆಲಸದ ಕ್ಷೇತ್ರ ಆರಿಸಿಯೂ ಹುಡುಕಬಹುದು. ಹೆಸರು ಒತ್ತಿದರೆ ಯಾವ ಕಾಯಿದೆಯಲ್ಲಿ ನೋಂದಣಿ ಆಗಿದೆ, ನೋಂದಣಿ ಸಂಖ್ಯೆ ಏನು, ಪದಾಧಿಕಾರಿಗಳು ಯಾರು, ವಿದೇಶದಿಂದ ದೇಣಿಗೆ ಪಡೆಯುವ ಪರವಾನಗಿ ಇದೆಯಾ ಅನ್ನುವ ವಿವರ ಬರುತ್ತದೆ. ಸಂಸ್ಥೆಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿವೆ. ಹಾಗಾಗಿ ನಮ್ಮ ಊರಿನ ಹೆಸರನ್ನು ಹಳೇ ಸ್ಪೆಲ್ಲಿಂಗ್, ಹೊಸ ಸ್ಪೆಲ್ಲಿಂಗ್ ಎರಡರಲ್ಲೂ ಹಾಕಿ ನೋಡಿ. 'ಸೇವಾ', 'ವಿದ್ಯಾ' ತರದ ಪದಗಳನ್ನು ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ, ಒಂದು ಸಲ ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ. ಇನ್ನೊಂದು ವಿಷಯ. ಪ್ರತಿ ಸಂಸ್ಥೆಗೂ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ, ನಮ್ಮ ರಾಜ್ಯದ್ದು 'ಕೆಎ' ಅಂತ ಶುರುವಾಗಿ ಮಧ್ಯದಲ್ಲಿ ಒಂದು ಇಸವಿ ಬರುತ್ತದೆ. ಅದು ಸಂಸ್ಥೆ ಹುಟ್ಟಿದ ವರ್ಷ ಅಲ್ಲ, ದರ್ಪಣ್‌ಗೆ ಸೇರಿದ ವರ್ಷ. ಐವತ್ತು ವರ್ಷ ಹಳೇ ಸಂಸ್ಥೆಯ ಸಂಖ್ಯೆಯಲ್ಲೂ 2017 ಅಂತ ಇರಬಹುದು.

ಇಷ್ಟು ಚೆನ್ನಾಗಿದೆ. ತೊಂದರೆ ಏನು ಅಂದರೆ, ಪಟ್ಟಿಯಲ್ಲಿ ಎಲ್ಲರಿಗೂ ಸಿಗುವುದು ಒಂದೇ ಸಾಲು. ನಮ್ಮ ರಾಜ್ಯದ ಸಂಸ್ಥೆಗಳು ಹಾಗೆ ಒಂದೇ ಅಳತೆಗೆ ಸಿಗುವಂಥವಲ್ಲ. ಒಂದು ಕಡೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇದೆ, ಸರ್ಕಾರಿ ಶಾಲೆ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಸಿಗಲಿ ಅಂತ 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದ್ದು ಅದೇ. ಅಕ್ಷಯ ಪಾತ್ರ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿ ಈಗ ಹಲವು ರಾಜ್ಯಗಳಲ್ಲಿ ದಿನಕ್ಕೆ 20 ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಬಡಿಸುತ್ತಿದೆ. ಇನ್ನೊಂದು ಕಡೆ ನಮ್ಮ ಪಕ್ಕದ ಮೇಲುಕೋಟೆ ನೋಡಿ. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ, ಕೈಮಗ್ಗ, ಮಕ್ಕಳ ಆರೈಕೆ ಅಂತ ಅಷ್ಟೇ ಜಾಗದಲ್ಲಿ ಬೇರು ಬಿಟ್ಟು ನಿಂತಿದೆ. ದೊಡ್ಡದಾಗಲಿಲ್ಲ ಅನ್ನುವುದು ಅದರ ಕೊರತೆ ಅಲ್ಲ, ಅದು ಆರಿಸಿಕೊಂಡ ದಾರಿಯೇ ಅದು.

ಮೈಸೂರಿನವರಿಗಂತೂ ಈ ವೈವಿಧ್ಯ ನೋಡಲು ದೂರ ಹೋಗಬೇಕಾಗಿಲ್ಲ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದ್ದು 1984ರಲ್ಲಿ, ಇಲ್ಲಿನ ಮೆಡಿಕಲ್ ಕಾಲೇಜಿನ ಹುಡುಗರು. ಇವತ್ತು ಸರಗೂರಿನಲ್ಲಿ ಅವರ ಆಸ್ಪತ್ರೆ ಇದೆ, ಹೊಸಹಳ್ಳಿಯಲ್ಲಿ ಹಾಡಿ ಮಕ್ಕಳ ಶಾಲೆ ಇದೆ. ಒಡನಾಡಿ ಸೇವಾ ಸಂಸ್ಥೆ ಮಾನವ ಕಳ್ಳಸಾಗಣೆಗೆ ಸಿಕ್ಕಿದ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಬಂದು ಅವರ ಜೊತೆ ಕೋರ್ಟಿನವರೆಗೂ ನಿಲ್ಲುತ್ತದೆ. ಅಶೋದಯ ಸಮಿತಿಯನ್ನು ಲೈಂಗಿಕ ಕಾರ್ಯಕರ್ತೆಯರೇ ಸೇರಿ ಕಟ್ಟಿಕೊಂಡಿದ್ದಾರೆ. ಹೆಸರಲ್ಲೇ ಮೈಸೂರನ್ನು ಇಟ್ಟುಕೊಂಡ ಮೈರಾಡ 1968ರಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ನೆಲೆ ಮಾಡಿಕೊಡುವ ಕೆಲಸದಿಂದ ಶುರುವಾಯಿತು. ಆಮೇಲೆ ಹಳ್ಳಿ ಹೆಂಗಸರ ಸ್ವಸಹಾಯ ಸಂಘ ಅನ್ನುವ ಪದ್ಧತಿಯನ್ನು ಬ್ಯಾಂಕುಗಳು ನಂಬುವ ಮಟ್ಟಕ್ಕೆ ತಂದವರಲ್ಲಿ ಅವರೂ ಮುಖ್ಯರು. ಇವನ್ನೆಲ್ಲ 'ಎನ್‌ಜಿಓ' ಅನ್ನುವ ಒಂದೇ ಪದದಲ್ಲಿ ಕರೆದು, ಅವರೆಲ್ಲ ಒಂದೇ ಬಿಡ್ರಿ ಅಂತ ಜನ ಅಂದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಹಾಗಾದರೆ ರಾಜ್ಯದಲ್ಲಿ ಒಟ್ಟು ಎಷ್ಟಿವೆ? ಈ ಪ್ರಶ್ನೆಗೆ ದರ್ಪಣ್ ಉತ್ತರ ಅಲ್ಲ. ಯಾಕೆ ಅಂದರೆ ಸಂಸ್ಥೆ ಕಟ್ಟುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಏಳು ಜನ ಸೇರಿ ಬೈಲಾ (ಸಂಘದ ನಿಯಮಗಳು) ಬರೆದು ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರ ಕೆಳಗೆ ಸಂಘ ಮಾಡಬಹುದು, ಅದು ಜಿಲ್ಲೆಯ ಸಂಘಗಳ ನೋಂದಣಿ ಕಚೇರಿಯಲ್ಲಿ. ಟ್ರಸ್ಟ್ ಡೀಡ್ ಬರೆಸಿದರೆ ಅದು ಸಬ್ ರಿಜಿಸ್ಟ್ರಾರ್ ಆಫೀಸಿನ ದಾಖಲೆ. ಲಾಭಕ್ಕಲ್ಲದ ಕಂಪನಿ ಆದರೆ 2013ರ ಕಂಪನಿ ಕಾಯಿದೆಯ 8ನೇ ಸೆಕ್ಷನ್. ದರ್ಪಣ್‌ಗೆ ಬಂದು ಹೆಸರು ಕೊಡುವವರು ಜಾಸ್ತಿಯಾಗಿ ಕೇಂದ್ರದ ಅನುದಾನ ಬೇಕಾದವರು, ವಿದೇಶಿ ದೇಣಿಗೆಗೆ ಅರ್ಜಿ ಹಾಕುವವರು. ಎರಡೂ ಬೇಡದ ಯುವಕರ ಸಂಘ, ಮಹಿಳಾ ಸಮಾಜ, ನಾಟಕದ ತಂಡ, ಊರಿನವರೇ ನಡೆಸುವ ವಾಚನಾಲಯ, ಇವರೆಲ್ಲ ಯಾಕೆ ಬರಬೇಕು? ಸ್ವಸಹಾಯ ಸಂಘಗಳಂತೂ ಬಹುತೇಕ ಈ ಯಾವ ಕಾಯಿದೆಗೂ ಸೇರದೆ, ಒಂದು ಪುಸ್ತಕ ಮತ್ತು ಒಂದು ಬ್ಯಾಂಕ್ ಖಾತೆಯಲ್ಲಿ ನಡೆಯುತ್ತವೆ. ಮಂಡ್ಯ ಜಿಲ್ಲೆಯ ಯಾವ ಹಳ್ಳಿಗೆ ಹೋಗಿ ಕೇಳಿದರೂ ಎರಡು ಮೂರು ಸಂಘದ ಹೆಸರು ಹೇಳುತ್ತಾರೆ, ದರ್ಪಣ್‌ನಲ್ಲಿ ಅವು ಸಿಗುವುದಿಲ್ಲ.

ಲೆಕ್ಕ ಹಾಕುವ ಪ್ರಯತ್ನ ಆಗಿಲ್ಲ ಅಂತಲ್ಲ. ಕೇಂದ್ರದ ಅಂಕಿಅಂಶ ಕಚೇರಿ ಹಿಂದೆ ಒಮ್ಮೆ ದೇಶದ ನೋಂದಾಯಿತ ಸಂಘಗಳನ್ನು ಎಣಿಸಿದಾಗ 31 ಲಕ್ಷ ದಾಟಿತ್ತು. ಅದರಲ್ಲಿ 22 ಲಕ್ಷದಷ್ಟನ್ನು ವಿಳಾಸ ಹಿಡಿದು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಸುಮಾರು 7 ಲಕ್ಷ ಮಾತ್ರ! ಮತ್ತೆ 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ರಾಜ್ಯವಾರು ಲೆಕ್ಕ ಕೊಟ್ಟಿತು, ಆಗಲೂ 31 ಲಕ್ಷದ ಹತ್ತಿರವೇ. ಉತ್ತರ ಪ್ರದೇಶ ಒಂದರಲ್ಲೇ 5 ಲಕ್ಷಕ್ಕೂ ಜಾಸ್ತಿ. ಆದರೆ ಅಷ್ಟು ಹೊತ್ತಿಗೆ ಅಂಕಿ ಕೊಡದೆ ಉಳಿದಿದ್ದ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ವರ್ಷದ ಲೆಕ್ಕಪತ್ರ ಸಲ್ಲಿಸಿದ್ದ ಸಂಸ್ಥೆಗಳು ಹತ್ತರಲ್ಲಿ ಒಂದೂ ಇರಲಿಲ್ಲ ಅನ್ನುವುದು ಅದೇ ವರದಿಯಲ್ಲಿತ್ತು. ಕಾಗದದ ಮೇಲೆ ಇರುವುದಕ್ಕೂ ನೆಲದ ಮೇಲೆ ಇರುವುದಕ್ಕೂ ಇಷ್ಟು ಅಂತರ ಇದೆ ಅಂತ ಗೊತ್ತಿಟ್ಟುಕೊಂಡೇ ಯಾವ ಪಟ್ಟಿಯನ್ನಾದರೂ ನೋಡಬೇಕು.

ದರ್ಪಣ್‌ನಲ್ಲಿರುವ ವಿವರ ಸಂಸ್ಥೆಯವರೇ ತುಂಬಿದ್ದು ಅನ್ನುವುದನ್ನೂ ಮರೆಯಬೇಡಿ. ಗುರುತಿನ ಸಂಖ್ಯೆ ಅಂದರೆ ಇಂಥ ಸಂಸ್ಥೆ ಹೆಸರು ಕೊಟ್ಟಿದೆ ಅಂತ ಅರ್ಥ, ಕೆಲಸ ಚೆನ್ನಾಗಿದೆ ಅಂತ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಕೃಷಿಯಿಂದ ಹಿಡಿದು ಕ್ರೀಡೆ, ಪ್ರವಾಸೋದ್ಯಮದ ತನಕ ಇರುವ ಕ್ಷೇತ್ರಗಳಿಗೆಲ್ಲ ಟಿಕ್ ಹಾಕಿರುವ ಸಣ್ಣ ಟ್ರಸ್ಟ್ ಕಂಡರೆ ನಾನು ಪಕ್ಕಕ್ಕೆ ಇಡುತ್ತೇನೆ. ಎರಡೇ ಕ್ಷೇತ್ರ ಬರೆದು ತಾಲೂಕಿನ ಹೆಸರು ಹೇಳುವವರ ಮೇಲೆ ನಂಬಿಕೆ ಬರುತ್ತದೆ. ಹೀಗೆ ಹುಡುಕುವಾಗ ಒಂದು ಟ್ರಸ್ಟಿನ ವಿಳಾಸಕ್ಕೆ ನಾವು ಹೋಗಿಯೇಬಿಟ್ಟೆವು. ಅಲ್ಲಿದ್ದದ್ದು ಮೊಬೈಲ್ ರಿಪೇರಿ ಅಂಗಡಿ, ಅಂಗಡಿಯವರಿಗೆ ಆ ಹೆಸರೇ ಗೊತ್ತಿರಲಿಲ್ಲ. ಬೇರೆ ಒಂದು ಚಿಕ್ಕ ಸಂಸ್ಥೆಗೆ ಫೋನ್ ಮಾಡಿ ಆಡಿಟ್ ವರದಿ ನೋಡಬಹುದಾ ಅಂತ ಸಂಕೋಚದಿಂದ ಕೇಳಿದೆ. ಆ ಮೇಡಂ, "ಬನ್ನಿ ಸಾರ್, ಮಧ್ಯಾಹ್ನ ಊಟದ ಹೊತ್ತಿಗೇ ಬನ್ನಿ, ಅಡುಗೆಮನೆನೂ ನೋಡಿದಂಗೆ ಆಗುತ್ತೆ" ಅಂದರು. ಹೋದಾಗ ಮೂರು ವರ್ಷದ ವರದಿ ಮೇಜಿನ ಮೇಲೆ ಇಟ್ಟಿದ್ದರು. ಯಾರ ಸಂಬಳ ಎಷ್ಟು ಅನ್ನುವುದನ್ನೂ ಮುಚ್ಚಿಡಲಿಲ್ಲ. ಈ ಎರಡೂ ಸಂಸ್ಥೆಗಳ ಹೆಸರು ನನಗೆ ಸಿಕ್ಕಿದ್ದು ದರ್ಪಣ್‌ನಲ್ಲೇ.

ಹಾಗಾಗಿ ನನ್ನ ಸಲಹೆ ಇಷ್ಟು. ದರ್ಪಣ್‌ನಲ್ಲಿ ಹೆಸರು, ನೋಂದಣಿ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಫೋನ್ ಮಾಡಿ, ಹೋಗಿಯೂ ಬನ್ನಿ. ಮೈಸೂರು, ಮಂಡ್ಯದಲ್ಲಿ ಇದೇನು ದೊಡ್ಡ ದೂರ ಅಲ್ಲ, ಅಲ್ವಾ? ಕಳೆದ ವರ್ಷದ ಆಡಿಟ್ ವರದಿ ಕೇಳುವುದಕ್ಕೆ ನಾಚಿಕೆ ಬೇಡ, ಸರಿಯಾಗಿ ನಡೆಸುವವರು ಖುಷಿಯಿಂದ ತೋರಿಸುತ್ತಾರೆ. ದರ್ಪಣ್‌ನಲ್ಲಿ ಹೆಸರಿಲ್ಲದ, ಆದರೆ ಕೆಲಸ ಕಣ್ಣಿಗೆ ಕಾಣುವ ಸಂಘ ನಿಮ್ಮ ಪಕ್ಕದಲ್ಲೇ ಇದ್ದರೆ ಹೆಸರಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಿಡಬೇಡಿ. ಅವರಿಗೂ ಬೈಲಾ ಇರುತ್ತದೆ, ಖಜಾಂಚಿ ಇರುತ್ತಾರೆ, ಕೇಳಿ ನೋಡಿ.

ತೆರಿಗೆ ವಿನಾಯಿತಿ ಬೇಕಾದವರಿಗೆ ಒಂದು ಮಾತು. ದೇಣಿಗೆಗೆ ಸಿಗುವ 80ಜಿ ಆದಾಯ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ, 2,000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ಟರೆ ಅದಕ್ಕೆ ಸಿಗುವುದಿಲ್ಲ. ಅಕ್ಕಿ, ಬಟ್ಟೆ ಕೊಟ್ಟರೂ ಇಲ್ಲ. ಚೆಕ್ ಅಥವಾ ಯುಪಿಐನಲ್ಲಿ ಸಂಸ್ಥೆಯ ಖಾತೆಗೇ ಹಾಕಿ, ಕಾರ್ಯದರ್ಶಿಯ ಸ್ವಂತ ನಂಬರಿಗೆ ಬೇಡ. ಪ್ಯಾನ್ ನಂಬರ್ ಕೊಡಿ. ವರ್ಷ ಮುಗಿದ ಮೇಲೆ ಸಂಸ್ಥೆ ದೇಣಿಗೆಯ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ ಅಲ್ಲಿಂದ ಬರುವ ಪ್ರಮಾಣಪತ್ರ ನಿಮಗೆ ಕೊಡಬೇಕು, ಕೈಯಲ್ಲಿ ಬರೆದ ರಸೀದಿ ಒಂದೇ ಸಾಲದು. ಜೂನ್ ಹೊತ್ತಿಗೂ ಅದು ಬರದಿದ್ದರೆ ಫೋನ್ ಮಾಡಿ ಕೇಳಿ.