ಮೂರು ಮಳೆಗಾಲ ಕಂಡ ಸ್ಮಾರ್ಟ್ ಲಾಕ್, ಸ್ವಿಚ್, ಸ್ಟಾರ್ಟರ್: ಕೀಲಿ ಮನೆಯೊಳಗೆ ಇಡಬೇಡಿ

ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ಸ್ಮಾರ್ಟ್ ಲಾಕ್, ಸ್ಮಾರ್ಟ್ ಸ್ವಿಚ್, ಪಂಪಿಗೆ ಮೊಬೈಲ್ ಸ್ಟಾರ್ಟರ್ (ಫೋನಿನಿಂದಲೇ ಮೋಟಾರ್ ಚಾಲೂ ಮಾಡುವ ಡಬ್ಬಿ) ಹಾಕಿಸಿ ಮೂರು ಮಳೆಗಾಲ ಆಯಿತು. ಮೂರೂ ಉಪಯೋಗಕ್ಕೆ ಬಂದಿವೆ. ಮೂರೂ ಒಂದೊಂದು ಸಲ ಕೈಕೊಟ್ಟಿವೆ.

ಲಾಕ್ ನಡೆಯುವುದು ನಾಲ್ಕು ಎಎ ಸೆಲ್ ಮೇಲೆ. ಕರೆಂಟ್ ಹೋದರೂ ಬೆರಳಿಟ್ಟರೆ ತೆಗೆಯುತ್ತದೆ. ಆದರೆ ಎರಡನೇ ವರ್ಷ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಸೆಲ್ ಮುಗಿಯುತ್ತಿದೆ ಅನ್ನುವ ಸೂಚನೆ ಮೊಬೈಲಿಗೆ ಬರಲೇ ಇಲ್ಲ. ಬೀಪ್ ಸದ್ದು ಮಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಪೇಟೆಯಿಂದ ಬಂದ ಅಮ್ಮ ಒದ್ದೆ ಸೀರೆಯಲ್ಲೇ ಜಗಲಿ ಮೇಲೆ ಒಂದೂವರೆ ಗಂಟೆ ಕೂತಿದ್ದರು. ಲಾಕ್ ಜೊತೆ ಬಂದ ಎರಡು ಕೀಲಿಯೂ ಒಳಗೆ ಬೀರುವಿನಲ್ಲಿದ್ದವು. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಲಾಕಿನ ಅಡಿಭಾಗದಲ್ಲಿ ಎರಡು ಸಣ್ಣ ಲೋಹದ ಬಿಂದು ಇವೆ. ಸೆಲ್ ಮುಗಿದಾಗ ಅಲ್ಲಿ 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿದು ಬೆರಳಿಟ್ಟರೆ ಬಾಗಿಲು ತೆಗೆಯುತ್ತದೆ. ತೆಗೆಯುವವರೆಗೂ ಕೈ ಬಿಡಬಾರದು. ಕೆಲವು ಹೊಸ ಲಾಕುಗಳಿಗೆ ಟೈಪ್-ಸಿ ಕಿಂಡಿ ಇರುತ್ತದೆ, ಪವರ್ ಬ್ಯಾಂಕ್ ಸಾಕು. ಈಗ ಒಂದು ಕೀಲಿ ಪಕ್ಕದ ಮನೆಯಲ್ಲಿದೆ, ಇನ್ನೊಂದು ನನ್ನ ಜೀಪಿನಲ್ಲಿ. 9 ವೋಲ್ಟ್ ಬ್ಯಾಟರಿ ಗೋಡೌನಿನಲ್ಲಿ. ಪ್ರತಿ ಮೇ ಕೊನೆಗೆ ಸೆಲ್ ಬದಲಿಸಿ, ಕೀಲಿಯನ್ನೂ ಒಮ್ಮೆ ತಿರುಗಿಸಿ ನೋಡುತ್ತೇನೆ. ನಮ್ಮ ಕಡೆ ಥಂಡಿಗೆ ಬೀಗ ಬಿಗಿಯಾಗುತ್ತದೆ ಅಲ್ವಾ.

ಸ್ವಿಚ್ ವಿಷಯದಲ್ಲಿ ಎರಡು ಬಗೆ ಹಾಕಿಸಿದ್ದೆ. ಹಾಲ್‌ಗೆ ಹಳೇ ಸ್ವಿಚ್ಚಿನ ಹಿಂದೆ ಕೂರುವ ಚಿಕ್ಕ ಮಾಡ್ಯೂಲ್. ಮಲಗುವ ಕೋಣೆಗೆ ಗಾಜಿನ ಟಚ್ ಪ್ಯಾನೆಲ್. ಸಿಡಿಲು ಬಂದ ಒಂದು ರಾತ್ರಿ ಪ್ಯಾನೆಲ್ ಸುಟ್ಟಿತು. ಒತ್ತಲು ಏನೂ ಉಳಿಯಲಿಲ್ಲ, ಎಲೆಕ್ಟ್ರಿಷಿಯನ್ ಬರುವವರೆಗೆ ಎರಡು ದಿನ ಕತ್ತಲೆ. ಮಾಡ್ಯೂಲ್ ಹಾಕಿದ ಕಡೆ ವೈಫೈ ಇಲ್ಲದಿದ್ದರೂ ಹಳೇ ಸ್ವಿಚ್ ಟಕ್ ಅಂತ ಕೆಲಸ ಮಾಡುತ್ತದೆ. ಮಾಡ್ಯೂಲ್ ಕೊಳ್ಳುವ ಮೊದಲು ಸ್ವಿಚ್ ಬಾಕ್ಸಿಗೆ ನ್ಯೂಟ್ರಲ್ ವಯರ್ ಬಂದಿದೆಯಾ ಕೇಳಿ, ಬಹಳ ಮಾಡ್ಯೂಲಿಗೆ ಅದು ಬೇಕು. ಹಳೇ ಮನೆಗಳಲ್ಲಿ ಬಹಳ ಕಡೆ ಇರುವುದಿಲ್ಲ.

ಇದು ನಮ್ಮೂರಿನ ಕರೆಂಟಿನ ಕಷ್ಟ ಮಾತ್ರ ಅಲ್ಲ. ಸ್ಮಾರ್ಟ್ ಸ್ವಿಚ್ ಮಾಡುವ ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್ 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ನಿಂತಿತ್ತು. ಆಪ್ ಕೆಲಸ ಬಿಟ್ಟಿತು. ಗೋಡೆಯ ಸ್ವಿಚ್ ಕೈಯಲ್ಲಿ ಒತ್ತಿದರೆ ದೀಪ ಹತ್ತುತ್ತಿತ್ತು.

ಗೀಸರ್ ಇದ್ದರೆ ಇನ್ನೊಂದು ಮಾತು. ಕರೆಂಟ್ ವಾಪಸ್ ಬಂದಾಗ ಸ್ವಿಚ್ ಆನ್ ಆಗಬೇಕೋ ಆಫ್ ಇರಬೇಕೋ ಅಂತ ಆಪ್‌ನಲ್ಲಿ ಸೆಟ್ಟಿಂಗ್ ಇರುತ್ತದೆ. ಗೀಸರಿಗೆ ಆಫ್ ಇಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರೂ ಇಲ್ಲದಾಗ ನೀರು ಸುಮ್ನೆ ಕಾಯುತ್ತಿರುತ್ತದೆ.

ಮೊಬೈಲ್ ಸ್ಟಾರ್ಟರ್ ಕೈಕೊಟ್ಟಿದ್ದು ಮಾರ್ಚ್‌ನಲ್ಲಿ, ರೊಬಸ್ಟಾ ಕಾಫಿಗೆ ಹೂ ಅರಳಿಸಲು ಸ್ಪ್ರಿಂಕ್ಲರ್ ಓಡಿಸುವಾಗ. ಅದರ ಸಿಮ್ ವ್ಯಾಲಿಡಿಟಿ ಮುಗಿದಿತ್ತು. ಹೂವಿನ ನೀರು ಒಂದು ವಾರ ತಡವಾದರೂ ಫಸಲಿಗೆ ಪೆಟ್ಟು. ಪುಣ್ಯಕ್ಕೆ ಹಾಕಿಸುವಾಗ ಆಟೋ-ಮ್ಯಾನ್ಯುಯಲ್ ಸ್ವಿಚ್ ಇಡಿಸಿದ್ದೆ. ಟಾರ್ಚ್ ಹಿಡಿದು ಹೋಗಿ, ಮ್ಯಾನ್ಯುಯಲ್‌ಗೆ ತಿರುಗಿಸಿ, ಹಸಿರು ಬಟನ್ ಒತ್ತಿದೆ. ಮೋಟಾರ್ ಎದ್ದಿತು. ಡಬ್ಬಿಯ ಮೇಲೆ ಈಗ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ, ತೋಟದ ಕೆಲಸದವರೂ ಮಾಡಬಹುದು.

ಲಾಕಿಗೆ 5ಕ್ಕೆ 4, ಮಾಡ್ಯೂಲಿಗೆ 5, ಸ್ಟಾರ್ಟರಿಗೆ 4, ಟಚ್ ಪ್ಯಾನೆಲ್‌ಗೆ 1. ಈ ವರ್ಷ ಗೇಟಿಗೆ ಮೋಟಾರ್ ಹಾಕಿಸಬೇಕು ಅಂತಿದ್ದೇವೆ. ಕರೆಂಟ್ ಇಲ್ಲದಾಗ ಕೀಲಿ ತಿರುಗಿಸಿ ಗೇರ್ ಬಿಡಿಸಿದರೆ ಅಮ್ಮನ ಕೈಯಲ್ಲಿ ತಳ್ಳಲು ಆಗುತ್ತದಾ ಅಂತ ಅಂಗಡಿಯಲ್ಲೇ ನೋಡಿ ತರುತ್ತೇನೆ.