ಹಿಮ್ಮಡಿ ಉಳಿಸುವ ಶೂ: ಕೊಡಗಿನ ಮಣ್ಣಿನ ಮೈದಾನದಲ್ಲಿ ಟ್ರಿಪಲ್ ಜಂಪ್ ಸ್ಪೈಕ್ಸ್

ಟ್ರಿಪಲ್ ಜಂಪ್‌ಗೆಂದೇ ಮಾಡಿದ ಸ್ಪೈಕ್ಸ್, ಅಂದರೆ ತಳದಲ್ಲಿ ಮೊಳೆಗಳಿರುವ ಶೂ, ದುಬಾರಿ. ಆದರೂ ಹದಿನಾಲ್ಕು, ಹದಿನಾರು ಹೆಜ್ಜೆ ಪೂರ್ತಿ ಓಡಿ ಬಂದು ಜಿಗಿಯುವ ಮಕ್ಕಳಿಗೆ ಇದನ್ನು ಕೊಡಿಸಲೇಬೇಕು. ಮಡಿಕೇರಿ, ಗೋಣಿಕೊಪ್ಪದ ಅಂಗಡಿಗಳಲ್ಲಿ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ನೂರು ಮೀಟರ್ ಓಟದ ಸ್ಪೈಕ್ಸ್. ಅದರಲ್ಲೇ ಜಿಗಿಯುತ್ತಾ ಹೋದರೆ ಹಿಮ್ಮಡಿ ಕೆಡುತ್ತದೆ.

ಆ ಓಟದ ಸ್ಪೈಕ್ಸ್‌ನ ತುದಿ ಮೇಲಕ್ಕೆ ಬಾಗಿರುತ್ತದೆ, ಹಿಮ್ಮಡಿಯ ಕೆಳಗೆ ತೆಳು ಫೋಮ್ ಅಷ್ಟೇ. ವೇಗವಾಗಿ ಓಡುವವನ ಹಿಮ್ಮಡಿ ನೆಲಕ್ಕೆ ತಾಗುವುದೇ ಕಡಿಮೆ, ಹಾಗಾಗಿ ಅವನಿಗೆ ಅಷ್ಟು ಸಾಕು. ಟ್ರಿಪಲ್ ಜಂಪ್‌ನಲ್ಲಿ ಹಾಪ್, ಸ್ಟೆಪ್, ಜಂಪ್ ಎಂದು ಒಂದರ ಹಿಂದೊಂದು ಮೂರು ಜಿಗಿತ. ಹಾಪ್ ಮುಗಿದಾಗ ಟೇಕಾಫ್ ಮಾಡಿದ, ಅಂದರೆ ಮೊದಲು ನೆಲ ಒದ್ದು ಜಿಗಿದ, ಅದೇ ಕಾಲು, ಸ್ಟೆಪ್ ಮುಗಿದಾಗ ಇನ್ನೊಂದು ಕಾಲು ನೆಲಕ್ಕೆ ಬರುತ್ತದೆ, ಅದೂ ಇಡೀ ಪಾದ ಚಪ್ಪಟೆಯಾಗಿ. ಆಗ ಬೀಳುವ ಹೊರೆ ದೊಡ್ಡ ಜಿಗಿತಗಾರರಲ್ಲಿ ದೇಹತೂಕದ ಹತ್ತು ಪಟ್ಟಿಗೂ ಹೆಚ್ಚು. 1995ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ಜಿಗಿದಾಗ ಹಾಪ್ ಒಂದೇ ಆರು ಮೀಟರ್ ದಾಟಿತ್ತು. ಅಷ್ಟು ದೂರದಿಂದ ಒಂಟಿ ಕಾಲಿನ ಮೇಲೆ ಇಳಿದು, ವೇಗ ಬಿಡದೆ ಮತ್ತೆ ಏಳಬೇಕು.

ಅಂತರರಾಷ್ಟ್ರೀಯ ಜಿಗಿತಗಾರರಿಗೂ ಆ ಟೇಕಾಫ್ ಕಾಲು ಕೈಕೊಡುವುದುಂಟು. ಅಮೆರಿಕದ ಕ್ರಿಸ್ಟಿಯನ್ ಟೇಲರ್ 2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದದ್ದು ಎಡಗಾಲಿನಲ್ಲಿ ಟೇಕಾಫ್ ಮಾಡಿ. ಮೊಣಕಾಲು ಕೈಕೊಟ್ಟಿತೆಂದು ಬಲಗಾಲಿಗೆ ಬದಲಾಯಿಸಿಕೊಂಡರು, 2015ರಲ್ಲಿ ಬೀಜಿಂಗ್‌ನಲ್ಲಿ 18.21 ಮೀಟರ್ ಜಿಗಿದರು, 2016ರ ರಿಯೋದಲ್ಲಿ ಮತ್ತೆ ಚಿನ್ನ ಗೆದ್ದರು. ಎರಡೂ ಕಾಲಿನಲ್ಲಿ ಒಲಿಂಪಿಕ್ಸ್ ಗೆಲ್ಲುವ ಸಾಮರ್ಥ್ಯ ಯಾರಿಗೂ ಸುಲಭವಾಗಿ ಬರುವಂಥದ್ದಲ್ಲ. ನಮ್ಮ ಮಕ್ಕಳಿಗೆ ಇರುವ ಒಂದು ಟೇಕಾಫ್ ಕಾಲನ್ನೇ ಕಾಪಾಡಬೇಕು.

ಒಳ್ಳೆಯ ಟ್ರಿಪಲ್ ಜಂಪ್ ಶೂನಲ್ಲಿ ಗಟ್ಟಿ ತಳ ತುದಿಯಿಂದ ಹಿಮ್ಮಡಿವರೆಗೂ ಇರುತ್ತದೆ, ಮೇಲಕ್ಕೆ ಬಾಗುವುದು ಕಡಿಮೆ. ಪಾದದ ನಡುವೆ ವೆಲ್ಕ್ರೋ ಪಟ್ಟಿ ಬರುತ್ತದೆ. ಕೊಳ್ಳುವಾಗ ಹಿಮ್ಮಡಿಯ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸಲೀಸಾಗಿ ಒಳಗಿಳಿದು ಕೆಳಗಿನ ಗಟ್ಟಿ ತಳ ಬೆರಳಿಗೆ ಸಿಕ್ಕರೆ ಬೇಡ. ತೆಳು ಸಾಕ್ಸ್ ಹಾಕಿ, ಪಟ್ಟಿ ಬಿಗಿದು, ಟೇಕಾಫ್ ಕಾಲಿನಲ್ಲಿ ಎರಡು ಕುಂಟು ಹೆಜ್ಜೆ ಹಾಕಿಸಿ. ಹಿಮ್ಮಡಿ ಒಳಗೆ ಜಾರಿದರೆ ಒಂದು ಅಳತೆ ಕಡಿಮೆ ಮಾಡಿ. ದೊಡ್ಡ ಸ್ಪರ್ಧೆಯ ಯೋಚನೆ ಇದ್ದರೆ ತಳದ ದಪ್ಪವನ್ನೂ ನೋಡಿಕೊಳ್ಳಿ. 2024ರ ನವೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ನಿಯಮದ ಮಿತಿ 20 ಮಿ.ಮೀ.

ನಮ್ಮಲ್ಲಿ ತೊಂದರೆ ಮಣ್ಣಿನದು. ಸಿಂಥೆಟಿಕ್ ಟ್ರ್ಯಾಕ್‌ಗೆ 9 ಮಿ.ಮೀ. ಮೀರದ ಮೊಳೆ ಸರಿ. ಶಾಲೆ ಮೈದಾನದಲ್ಲಿ ಓಡಿ ಬರುವ ಮಣ್ಣಿನ ದಾರಿಯಲ್ಲಿ ಅದು ಹಿಡಿಯುವುದಿಲ್ಲ, 12 ಮಿ.ಮೀ. ಬೇಕು. ಮಳೆ ಬಿದ್ದ ಮೇಲಂತೂ ಕೆಂಪು ಮಣ್ಣು ಮೊಳೆಗಳ ನಡುವೆ ಉಂಡೆ ಕಟ್ಟಿ, ನಾಲ್ಕನೇ ಜಿಗಿತದ ಹೊತ್ತಿಗೆ ಮೊಳೆಯೇ ಕಾಣುವುದಿಲ್ಲ. ಪ್ರತಿ ಜಿಗಿತಕ್ಕೂ ಮುಂಚೆ ಕಡ್ಡಿಯಿಂದ ಕೆರೆದುಹಾಕಿ. ವೆಲ್ಕ್ರೋ ಒಳಗೂ ಮಣ್ಣು ಹೊಕ್ಕು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಜೊತೆಯಲ್ಲಿರಲಿ. ಹಾಕಿ ಆಟದ ಶೂ ತೊಟ್ಟೇ ಜಿಗಿಯಲು ಬರುವ ಮಕ್ಕಳು ಇಲ್ಲಿ ಬಹಳ. ಹಿಮ್ಮಡಿಗೆ ಅದು ಪರವಾಗಿಲ್ಲ, ಆದರೆ ಟೇಕಾಫ್ ಮಾಡುವ ಮರದ ಬೋರ್ಡ್ ಒದ್ದೆಯಾಗಿದ್ದರೆ ಅದರ ಮೇಲೆ ರಬ್ಬರ್ ತಳ ಜಾರುತ್ತದೆ.

ಮೊಳೆ ತುಕ್ಕು ಹಿಡಿದು ಕೂತರೆ ಕೀಲಿ ಹಾಕಿ ತಿರುಗಿಸುವಾಗ ಒಳಗಿನ ತಿರುಪೇ ಹಾಳಾಗುತ್ತದೆ, ಅಲ್ಲಿಗೆ ಶೂ ಮುಗಿದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಭ್ಯಾಸ ಮುಗಿದ ಕೂಡಲೇ ಮೊಳೆ ಬಿಚ್ಚಿ, ಒರೆಸಿ, ತಿರುಪಿಗೆ ಒಂದು ಹನಿ ಎಣ್ಣೆ ಬಿಡಿ. ಒದ್ದೆ ಶೂ ಒಳಗೆ ಪೇಪರ್ ತುರುಕಿ, ಗಾಳಿಯಾಡುವ ಕಡೆ ಇಡಿ. ಬಟ್ಟೆ ಒಣಗಿಸಿದ ಹಾಗೆ ಒಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ತಳ ಕಳಚುತ್ತದೆ, ಫೋಮ್ ಕುಗ್ಗಿ ಗಟ್ಟಿಯಾಗುತ್ತದೆ. ಇದನ್ನು ಮನೆಯವರಿಗೂ ಹೇಳಿಡಿ.

ಹೊಸದಾಗಿ ಕಲಿಯುವವರಿಗೆ, ಆರು ಹೆಜ್ಜೆಯಿಂದ ಜಿಗಿಯುವವರಿಗೆ ಈ ಶೂ ಬೇಡ. ಮೊಳೆಯಿಲ್ಲದ ಸಾಧಾರಣ ಓಟದ ಶೂ, ಒಳಗೆ ಹಿಮ್ಮಡಿಗೆ ಮೆತ್ತೆಯಾಗುವ ಜೆಲ್ ಹೀಲ್ ಕಪ್, ಹುಲ್ಲಿನ ಮೇಲೆ ಅಭ್ಯಾಸ ಸಾಕು. ಈ ಶೂ ಇದ್ದವರೂ ಪೂರ್ತಿ ಹೆಜ್ಜೆ ಓಡಿ ಬಂದು ಜಿಗಿಯುವ ದಿನ ಮಾತ್ರ ಹಾಕಲಿ. ತಿಂಗಳಿಗೊಮ್ಮೆ ಎರಡೂ ಶೂಗಳ ಹಿಮ್ಮಡಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ಟೇಕಾಫ್ ಕಾಲಿನದ್ದು ಬೇಗ ಸವೆಯುತ್ತದೆ. ಆ ಕಡೆಯ ಫೋಮಿನಲ್ಲಿ ಅಡ್ಡ ಸುಕ್ಕು ಕಂಡರೆ, ಇನ್ನೊಂದು ಹೊಸದರಂತಿದ್ದರೂ ಜೋಡಿ ಬದಲಾಯಿಸಿ.