ಎರಡೂವರೆ ವರ್ಷ, 31,000 ಕಿ.ಮೀ.: ಧಾರವಾಡದಿಂದ ಡೊಮಿನಾರ್ 400

ಮೊದಲೇ ಹೇಳಿಬಿಡುತ್ತೇನೆ, ಈ ಬಜಾಜ್ ಡೊಮಿನಾರ್ 400 ಬೈಕ್ ತಗೊಂಡಿದ್ದು ಟಾಪ್ ಸ್ಪೀಡ್ ನೋಡಿ ಅಲ್ಲ. ನಾಲ್ಕು ತಾಸು ಓಡಿಸಿ ಇಳಿದಾಗ ಮುಂಗೈ, ಸೊಂಟ, ಕುತ್ತಿಗೆ ಹೇಗಿರುತ್ತವೆ ಅಂತ ನೋಡಿ ತಗೊಂಡಿದ್ದು. ಸ್ಪೋರ್ಟ್ ಟೂರಿಂಗ್ (ಜೋರಾಗಿಯೂ ಓಡುವ, ದೂರದ ಪ್ರಯಾಣಕ್ಕೂ ಆಗುವ ಬೈಕ್) ಅಂದ ಕೂಡಲೇ ನಮ್ಮ ಹುಡುಗರು ಮೊದಲನೇ ಪದವನ್ನೇ ಹಿಡಿದುಕೊಳ್ಳುತ್ತಾರೆ. ನಿಮ್ಮ ದುಡ್ಡು ಉಳಿಸುವುದು ಎರಡನೇ ಪದ.

ನನ್ನ ಓಡಾಟ ಹೇಗೆ ಅಂತ ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ. ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ದಿನಾ ಹೋಗಿ ಬರೋದು 40 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ರಜೆ ಸಿಕ್ಕರೆ ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲಾ. ಇಲ್ಲವೇ ಗದಗ, ಕೊಪ್ಪಳ ದಾಟಿ ಹಂಪಿ. ಬೆಂಗಳೂರಿಗೆ ಮೂರು ಸಲ ಹೋಗಿದ್ದೇನೆ. ಹೆಚ್ಚಿನ ಸಲ ಹಿಂದೆ ಹೆಂಡತಿ ಇರುತ್ತಾಳೆ, ಜೊತೆಗೆ ಎರಡು ದಿನದ ಬಟ್ಟೆ.

ಕೊಳ್ಳುವ ಮುಂಚೆ ಮನಸ್ಸಿನಲ್ಲಿ ಮೂರು ಗಾಡಿ ಇದ್ದವು. ಕೆಟಿಎಂ ಆರ್‌ಸಿ 390 ಓಡಿಸಿದಾಗ ಇಪ್ಪತ್ತು ನಿಮಿಷ ಮೈ ಜುಮ್ ಅಂತು, ಸುಳ್ಳು ಹೇಳಲ್ಲ. ಆದರೆ ಅದರ ಹ್ಯಾಂಡಲ್ ಕೆಳಗಿದೆ, ಮೈ ಮುಂದಕ್ಕೆ ಬಾಗುತ್ತದೆ. ಟ್ರ್ಯಾಕಿಗೆ ಅದೇ ಬೇಕು. 400 ಕಿ.ಮೀ. ದೂರದ ಬೆಂಗಳೂರಿಗೆ ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕಿಕೊಂಡು ಹೋಗೋದು ನನ್ನಿಂದ ಆಗದ ಮಾತು. ಸುಝುಕಿ ಜಿಕ್ಸರ್ ಎಸ್‌ಎಫ್ 250 ಹಗುರ, ಸುಮಾರು 160 ಕೆ.ಜಿ. ಒಬ್ಬನೇ ಓಡಾಡುವವನಾಗಿದ್ದರೆ ಅದನ್ನೇ ತರುತ್ತಿದ್ದೆ. ಇಬ್ಬರು ಕೂತು, ಬ್ಯಾಗು ಹೇರಿ, ಏರಿನಲ್ಲಿ ಲಾರಿ ದಾಟಬೇಕು ಅಂದಾಗ ನನಗೆ ಇನ್ನಷ್ಟು ಎಳೆತ ಬೇಕಿತ್ತು. ಡೊಮಿನಾರ್‌ನ 373 ಸಿಸಿ ಎಂಜಿನ್ 40 ಪಿಎಸ್ ಶಕ್ತಿ, 35 ಎನ್‌ಎಂ ಟಾರ್ಕ್ (ಎಳೆಯುವ ಬಲ) ಕೊಡುತ್ತದೆ. ಕೂರುವ ಭಂಗಿಯೂ ನೆಟ್ಟಗೆ.

ಅದಕ್ಕಿಂತ ದೊಡ್ಡ ಕಾರಣ ಎರಡನೇ ಟೆಸ್ಟ್ ರೈಡ್. ಮೊದಲನೇ ಸಲ ಶೋರೂಮ್ ಸುತ್ತ ಒಂದು ರೌಂಡ್ ಹಾಕಿ ಬಂದಿದ್ದೆ. ಅದರಿಂದ ಏನೂ ಗೊತ್ತಾಗಲ್ಲ. ಎರಡನೇ ಸಲ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಹೈವೇ ತನಕ ಬಿಡಿ ಅಂತ ಕೇಳಿಕೊಂಡೆ. ವಾಪಸ್ ಬಂದು ಇಳಿದವಳು ಹೇಳಿದ್ದು ಒಂದೇ ಮಾತು: "ಇನ್ನೊಂದು ತಾಸು ಆರಾಮ ಕುಂದರಬಹುದು ನೋಡ್ರಿ." ಅವತ್ತೇ ಮುಂಗಡ ಕೊಟ್ಟೆ.

ಕೊಂಡ ಮೇಲೆ ಕಲಿತದ್ದರಲ್ಲಿ ದೊಡ್ಡದು ಗಾಳಿಯ ವಿಷಯ. ಆಷಾಢದಲ್ಲಿ ಅಣ್ಣಿಗೇರಿ ಕಡೆ ಹೋಗಿದ್ದೀರಾ? ರಸ್ತೆಯ ಎರಡೂ ಕಡೆ ಬರೀ ಎರಿ ಹೊಲ, ತಡೆಯೋಕೆ ಒಂದು ಗುಡ್ಡ ಇಲ್ಲ. ಮೊದಲ ವರ್ಷ ನಾನು ಹಿಂದಿನ ಕ್ಯಾರಿಯರ್ ಮೇಲೆ ದೊಡ್ಡ ಬಾಕ್ಸ್ ಕೂರಿಸಿ, ಎಲ್ಲ ಸಾಮಾನನ್ನೂ ಅದರಲ್ಲೇ ತುಂಬಿದ್ದೆ. ಅಣ್ಣಿಗೇರಿ ದಾಟುತ್ತಿದ್ದಂತೆ ಬಲಗಡೆಯಿಂದ ಗಾಳಿ ಬೀಸಿತು. ಹ್ಯಾಂಡಲ್ ಸಣ್ಣಗೆ ಅಲುಗಾಡತೊಡಗಿತು. ಭಯಕ್ಕೆ ಗಟ್ಟಿಯಾಗಿ ಹಿಡಿದೆ, ಅಲುಗಾಟ ಇನ್ನೂ ಹೆಚ್ಚಾಯಿತು. ಕೈ ಸಡಿಲ ಬಿಟ್ಟು, ಆಕ್ಸಿಲರೇಟರ್ ನಿಧಾನಕ್ಕೆ ಇಳಿಸಿದ ಮೇಲೆ ಗಾಡಿ ಸರಿಹೋಯಿತು. ತಪ್ಪು ಗಾಡಿಯದಲ್ಲ, ನಾನು ಹೇರಿದ ಭಾರದ್ದು. ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದೆ, ಅದೂ ಎತ್ತರದಲ್ಲಿ ಭಾರ ಇಟ್ಟರೆ ಮುಂದಿನ ಗಾಲಿ ಹಗುರಾಗುತ್ತದೆ. ಪಕ್ಕದ ಗಾಳಿ ಆ ಬಾಕ್ಸನ್ನೇ ಹಿಡಿದು ತಳ್ಳುತ್ತದೆ. ಈಗ ಭಾರದ ಸಾಮಾನು ಎರಡೂ ಪಕ್ಕದ ಬ್ಯಾಗಿಗೆ ಸಮವಾಗಿ ಹೋಗುತ್ತದೆ. ಬಾಕ್ಸಿನಲ್ಲಿ ರೇನ್‌ಕೋಟು, ರೊಟ್ಟಿ ಗಂಟು, ಅಷ್ಟೇ. ಅದೇ ರಸ್ತೆ, ಅದೇ ಗಾಳಿ, ಮತ್ತೆ ಆ ಅಲುಗಾಟ ಬಂದಿಲ್ಲ.

ಎತ್ತರದ ವಿಂಡ್‌ಶೀಲ್ಡ್ ಮಾತ್ರ ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ. ಎದೆಗೆ ಬಡಿಯುವ ಗಾಳಿ ಕಡಿಮೆಯಾದರೆ ಅರ್ಧ ದಣಿವು ಕಡಿಮೆ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ಮೋಟೆಬೆನ್ನೂರು ದಾಟುವಾಗಂತೂ ಹೆಲ್ಮೆಟ್ ಗ್ಲಾಸ್ ಇಳಿಸಿಕೊಂಡೇ ಹೋಗಿ, ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಎದುರಿಗೆ ಬರುವುದು ಕಾಣಲ್ಲ.

ಬ್ರೇಕಿನ ಬಗ್ಗೆ ಒಂದು ರಾತ್ರಿಯ ಕಥೆ ಹೇಳಲೇಬೇಕು. ದಾಂಡೇಲಿಯಿಂದ ಹಳಿಯಾಳದ ಮೇಲೆ ವಾಪಸ್ ಬರುತ್ತಿದ್ದೆವು. ಕಬ್ಬಿನ ಕಟಾವು ನಡೆದಿತ್ತು. ಎದುರು ಬಂದ ಲಾರಿಯ ಲೈಟು ಕಣ್ಣಿಗೆ ಹೊಡೆಯಿತು. ಅದು ದಾಟಿದ ಮೇಲೆ ನೋಡಿದರೆ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ರಸ್ತೆ ಮೇಲೆಲ್ಲ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ. ಎರಡೂ ಬ್ರೇಕ್ ಪೂರ್ತಿ ಒತ್ತಿದೆ. ಬ್ರೇಕ್ ಲಿವರ್ ಬೆರಳಿನ ಕೆಳಗೆ ಟಕಟಕ ಅಂತ ಹೊಡೆದುಕೊಂಡಿತು, ಗಾಲಿ ಜಾರಲಿಲ್ಲ, ಗಾಡಿ ನೆಟ್ಟಗೆ ನಿಂತಿತು. ಟ್ರೇಲರಿಗೂ ನಮಗೂ ಒಂದು ಮಾರು ಅಂತರ ಇತ್ತು. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಎರಡೂ ಗಾಲಿಗೆ ಇರಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಒಂದೇ ಗಾಲಿಗೆ ಎಬಿಎಸ್ ಇರುವ ಗಾಡಿಗೆ ನಾಲ್ಕು ದುಡ್ಡು ಕಡಿಮೆ ಅಂತ ದಯವಿಟ್ಟು ಅತ್ತ ಹೋಗಬೇಡಿ.

ಮೈಲೇಜ್ ಊರಲ್ಲಿ ಲೀಟರಿಗೆ 25 ಕಿ.ಮೀ. ಆಸುಪಾಸು. ಹೈವೇಯಲ್ಲಿ 90ರಲ್ಲಿ ಹೋದರೆ 29, 30. ಟ್ಯಾಂಕು 13 ಲೀಟರ್. ನಾನು 280 ಕಿ.ಮೀ.ಗೆ ಬಂಕ್ ಹುಡುಕುತ್ತೇನೆ. ಅಂಕೋಲಾಕ್ಕೆ ಹೋಗುವವರು ಯಲ್ಲಾಪುರದಲ್ಲೇ ತುಂಬಿಸಿಕೊಂಡು ಅರಬೈಲ್ ಘಾಟಿ ಇಳಿಯಿರಿ.

ತೂಕದ ಬಗ್ಗೆ ಸ್ವಲ್ಪ ಯೋಚಿಸಬೇಕು. ಟೂರಿಂಗ್‌ಗೆ ಹಾಕಿದ ಬಿಡಿಭಾಗ ಸೇರಿ ಗಾಡಿ 193 ಕೆ.ಜಿ., ಸೀಟಿನ ಎತ್ತರ 800 ಮಿ.ಮೀ. ಹೈವೇಯಲ್ಲಿ ಈ ತೂಕವೇ ಆಸರೆ, ಬಸ್ಸು ಪಕ್ಕದಲ್ಲಿ ಹಾದುಹೋದರೂ ಗಾಡಿ ಕದಲಲ್ಲ. ಆದರೆ ಧಾರವಾಡದ ಸೂಪರ್ ಮಾರ್ಕೆಟ್ ಹತ್ತಿರ, ಕಾಯಿಪಲ್ಯೆ ಗಾಡಿಗಳ ನಡುವೆ ಸಿಕ್ಕಿಕೊಂಡು ಹಿಂದಕ್ಕೆ ತಳ್ಳಬೇಕಾದರೆ ತೊಡೆ ನೋಯುತ್ತದೆ. ಕೊಳ್ಳುವ ಮುಂಚೆ ಎಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ನಿಲ್ಲಿಸಿ, ನೀವೊಬ್ಬರೇ ಹಿಂದಕ್ಕೆ ಎಳೆದು ನೋಡಿ. ಸೇಲ್ಸ್ ಹುಡುಗ ಕೈ ಹಚ್ಚಲು ಬಂದರೆ ಬೇಡ ಅನ್ನಿ.

ಚೈನಿನ ವಿಷಯದಲ್ಲಿ ನಾನು ಪಾಠ ಕಲಿತದ್ದು ರಸ್ತೆ ಮೇಲೆ. ಒಂದು ಸಲ ಅಂಕೋಲಾಕ್ಕೆ ಹೊರಡುವ ಮುಂಚೆ ಒಂದು ಕಡೆ ಸರ್ವಿಸ್ ಮಾಡಿಸಿದ್ದೆ. ಕಲಘಟಗಿ ದಾಟಿದ ಮೇಲೆ ಕೆಳಗಿನಿಂದ ಗೊರಗೊರ ಸದ್ದು ಶುರುವಾಯಿತು. ಯಲ್ಲಾಪುರದ ಹತ್ತಿರ ಸಣ್ಣ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಅಲ್ಲಿ ನಮ್ಮ ಕಡೆಯವರೇ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಚೈನನ್ನು ಬೆರಳಿನಿಂದ ಎತ್ತಿ ನೋಡಿದರು. "ಸರ, ಯಾರೋ ಭಾಳ ಬಿಗಿ ಮಾಡ್ಯಾರ. ನೀವಿಬ್ಬರೂ ಮ್ಯಾಲೆ ಕುಂತ್ರ ಇದು ಇನ್ನೂ ಬಿಗಿ ಆಕ್ಕೈತಿ" ಅಂದರು. ನಮ್ಮಿಬ್ಬರನ್ನೂ ಸೀಟಿನ ಮೇಲೆ ಕೂರಿಸಿ, ಮತ್ತೆ ಚೈನು ಎತ್ತಿ ತೋರಿಸಿದರು. ಒಂದು ಚೂರೂ ಅಲುಗಾಡಲಿಲ್ಲ. ಭಾರ ಬಿದ್ದಾಗ ಹಿಂದಿನ ಸಸ್ಪೆನ್ಷನ್ ಒತ್ತಿಕೊಳ್ಳುತ್ತದೆ, ಎರಡು ಸ್ಪ್ರಾಕೆಟ್‌ಗಳ (ಚೈನು ಸುತ್ತುವ ಹಲ್ಲಿನ ಚಕ್ರಗಳ) ನಡುವಿನ ಅಂತರ ಹೆಚ್ಚುತ್ತದೆ. ಸಡಿಲಿಕೆ ಇಲ್ಲದಿದ್ದರೆ ಚೈನು, ಸ್ಪ್ರಾಕೆಟ್, ಬೇರಿಂಗ್ ಮೂರೂ ಸವೆಯುತ್ತವೆ. ಹತ್ತು ನಿಮಿಷದಲ್ಲಿ ಸಡಿಲ ಮಾಡಿಕೊಟ್ಟರು. ಅವತ್ತಿನಿಂದ ಸರ್ವಿಸ್ ಆದ ಕೂಡಲೇ ನಾನೇ ಬೆರಳು ಹಾಕಿ ನೋಡುತ್ತೇನೆ. 500 ಕಿ.ಮೀ.ಗೊಮ್ಮೆ ಒರೆಸಿ ಚೈನ್ ಲ್ಯೂಬ್ ಹಾಕುತ್ತೇನೆ. ಮಳೆಯಲ್ಲಿ ನೆನೆದಿದ್ದರೆ ಅದೇ ಸಂಜೆ. ಚೈನ್ ಸೆಟ್ ಬದಲಿಸಿದ್ದು 22,000 ಕಿ.ಮೀ.ಗೆ.

ಆದರೆ ಊರು ಬಿಡದೆ ದಿನಾ ಹುಬ್ಬಳ್ಳಿ ಸಿಗ್ನಲ್‌ಗಳಲ್ಲೇ ನಿಲ್ಲುವವರಿಗೆ ಇದನ್ನು ಕೊಳ್ಳಿ ಅಂತ ಹೇಳಲಾರೆ. ಬೇಸಿಗೆಯಲ್ಲಿ ಉಣಕಲ್ ಹತ್ತಿರ ನಿಂತಾಗ ಎಂಜಿನ್ ತಂಪು ಮಾಡುವ ಫ್ಯಾನ್ ಶುರುವಾದರೆ ಬಿಸಿಗಾಳಿ ಕಾಲಿಗೆ ತಾಗುತ್ತದೆ. ಈ ಅಳತೆಯ ಎಂಜಿನ್ ಅಂದ ಮೇಲೆ ಅಷ್ಟು ಇರುವಂಥದ್ದೇ. ತಿಂಗಳಿಗೆ ಎರಡು ಸಲವಾದರೂ ಊರು ಬಿಟ್ಟು ಹೊರಡುವವರಾದರೆ ಈ ಗಾಡಿ ನಿಮ್ಮದು. ಗುತ್ತಲದಲ್ಲೋ ಶಿಗ್ಗಾವಿಯಲ್ಲೋ ಇದ್ದು ನೋಡಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಬನ್ನಿ. ಓಡಿಸಿ ನೋಡೋಕೆ ನನ್ನ ಗಾಡಿಯನ್ನೇ ಕೊಡುತ್ತೇನೆ. ಹಿಂದೆ ಕೂರುವವರನ್ನು ಮಾತ್ರ ಜೊತೆಗೆ ಕರೆದುಕೊಂಡು ಬನ್ನಿ.